ನಿರ್ಜನವಾದ ಹೆಬ್ರಾನ್

ಕೆನಡಾ ದೇಶದ ಪೂರ್ವದ ಅಂಚಿನಲ್ಲಿ ಅಟ್ಲಾಂಟಿಕ್ ಸಮುದ್ರಕ್ಕೆ ಎದುರಾಗಿ ಹಬ್ಬಿರುವ ನಾಡು ಲಾಬ್ರಡಾರ್. ಅದರ ಉತ್ತರದ ಕರಾವಳಿಗೆ ಇಂದಿಗೂ ರಸ್ತೆಯಿಲ್ಲ. ಬೇಸಗೆಯಲ್ಲಿ ಹೋಗತಕ್ಕವರು ಹಡಗನ್ನಾಗಲಿ ವಿಮಾನವನ್ನಾಗಲಿ ಆಶ್ರಯಿಸಬೇಕು. ಕಡಲಿನಿಂದ ನೆಟ್ಟನೆ ಮೇಲೆದ್ದಿರುವ ಅಲ್ಲಿಯ ಟೋರ್ನ್‌ಗಾಟ್ ಪರ್ವತಗಳ ಹೆಸರಿಗೆ ಇನುಯಿಟ್ ಜನರ ಭಾಷೆಯಲ್ಲಿ ‘ಭೂತಗಳ ನೆಲೆ’ ಎಂದರ್ಥ. ಮರಗಳಿಲ್ಲದ ಆ ಬಂಡೆಗಳ ನಡುವೆ ಕಾರಿಬೂ ಎಂಬ ಹಿಮಸಾರಂಗಗಳು ಮೇಯುತ್ತವೆ. ಬಿಳಿಯ ಕರಡಿ ದಡದಲ್ಲಿ ಅಲೆಯುತ್ತದೆ. ಸಾಮಾನ್ಯವಾಗಿ ಕಾಡನ್ನು ಬಿಟ್ಟಿರದ ಕರಿಯ ಕರಡಿಯೂ ಇಲ್ಲಿ ಬಯಲಿನಲ್ಲಿಯೇ ಬಾಳುತ್ತದೆ. ನೀರಿನಲ್ಲಿ ಸೀಲುಗಳೂ ತಿಮಿಂಗಿಲಗಳೂ ಉಂಟು. ಇದನ್ನೆಲ್ಲ ಕಂಡ ಪ್ರವಾಸಿಗೆ ಮನುಷ್ಯನೇ ಕಾಲಿಡದ ಭೂಮಿಯಿದು ಎಂದು ತೋರಿದರೆ ಅಚ್ಚರಿಯಿಲ್ಲ. ಆದರೆ ಇಲ್ಲಿಯ ಮೌನವು ಪುರಾತನವಾದುದಲ್ಲ.

ಈ ತೀರದ ಹೆಬ್ರಾನ್ ಎಂಬಲ್ಲಿ ಮರದಿಂದ ಕಟ್ಟಿದ ಉದ್ದವಾದ ಹಳೆಯ ಕಟ್ಟಡವೊಂದು ಒಂಟಿಯಾಗಿ ನಿಂತಿದೆ. ಮೊರೇವಿಯನ್ ಪಂಥದ ಪಾದ್ರಿಗಳು ೧೭೭೧ರಲ್ಲಿ ನೈನ್ ಎಂಬಲ್ಲಿ ಮೊದಲ ಠಾಣ್ಯವನ್ನು ಸ್ಥಾಪಿಸಿ, ೧೮೩೦ರಲ್ಲಿ ಇಲ್ಲಿಗೆ ಬಂದರು. ಪ್ರಾರ್ಥನಾಮಂದಿರವೂ ವಾಸದ ಮನೆಯೂ ಉಗ್ರಾಣವೂ ಒಂದಕ್ಕೊಂದು ಸೇರಿಕೊಂಡಿದ್ದುವು. ಪಾದ್ರಿಗಳು ಧರ್ಮಬೋಧೆಯೊಡನೆ ವ್ಯಾಪಾರವನ್ನೂ ತಂದರು. ಇನುಯಿಟರಿಗೆ ಅವರ ಭಾಷೆಯಲ್ಲಿಯೇ ಓದುಬರೆಹವನ್ನೂ, ಪಿಟೀಲು ಮುಂತಾದ ವಾದ್ಯಗಳನ್ನೂ ಕಲಿಸಿದರು. ಆದರೆ ೧೯೧೮ರಲ್ಲಿ ಅವರ ‘ಹಾರ್ಮನಿ’ ಎಂಬ ಹಡಗಿನೊಡನೆ ಇನ್‌ಫ್ಲುಯೆಂಜಾ ಮಹಾಮಾರಿಯೂ ಬಂದಿತು. ನೆರೆಯ ಓಕಾಕ್ ಗ್ರಾಮದ ೨೬೩ ಜನರಲ್ಲಿ ೨೦೪ ಮಂದಿ ಮಡಿದರು. ಹೆಬ್ರಾನಿನಲ್ಲಿಯೂ ಮನೆಮನೆಗಳು ಬರಿದಾದುವು.

ಅಷ್ಟಾದರೂ ಉಳಿದವರು ಊರನ್ನು ಬಿಡಲಿಲ್ಲ. ಅವರನ್ನು ಎಬ್ಬಿಸಿದುದು ರೋಗವಲ್ಲ, ಆಡಳಿತ. ಸೌದೆ ಸಾಲದು, ಕ್ಷಯರೋಗ ಹಬ್ಬುತ್ತಿದೆ, ಇಷ್ಟು ದೂರಕ್ಕೆ ಸೌಕರ್ಯ ಒದಗಿಸುವುದು ಕಷ್ಟ ಎಂಬ ಕಾರಣಗಳಿಂದ ೧೯೫೯ರಲ್ಲಿ ಠಾಣ್ಯವನ್ನು ಮುಚ್ಚಲು ನಿಶ್ಚಯವಾಯಿತು. ಆ ವಾರ್ತೆಯನ್ನು ಪ್ರಾರ್ಥನಾಮಂದಿರದಲ್ಲಿಯೇ ತಿಳಿಸಿದರು. ದೇವರ ಸನ್ನಿಧಿಯಲ್ಲಿ ವಾದ ಮಾಡಬಾರದೆಂಬುದು ಇನುಯಿಟರ ಸಂಪ್ರದಾಯ. ಆದುದರಿಂದ ಯಾರೂ ಎದುರಾಡಲಿಲ್ಲ. ಭಕ್ತಿಯ ಮೌನವು ಒಪ್ಪಿಗೆಯೆಂದು ಎಣಿಸಲ್ಪಟ್ಟಿತು. ಜನರನ್ನು ದಕ್ಷಿಣದ ನೈನ್, ಹೋಪ್‌ಡೇಲ್, ಮಕ್ಕೋವಿಕ್ ಗ್ರಾಮಗಳಿಗೆ ಹಂಚಿದರು. ಬಂಧುಗಳು ಬೇರೆಯಾದರು. ಸಾಕಷ್ಟು ಮನೆಗಳು ಸಿದ್ಧವಾಗಿರಲಿಲ್ಲ. ಬೇಟೆಯ ಒಳ್ಳೆಯ ತಾಣಗಳು ಮೊದಲೇ ಅಲ್ಲಿದ್ದವರಿಗೆ ಸೇರಿದ್ದುವು. ಕಡಲನ್ನೂ ಹಿಮವನ್ನೂ ಬಲ್ಲ ಬೇಟೆಗಾರನು ತನಗೆ ತಿಳಿಯದ ತೀರದಲ್ಲಿ ಬಡವನಾದನು.

೨೦೦೫ರಲ್ಲಿ ಪ್ರಾಂತದ ಸರ್ಕಾರವು ಈ ಕಾರ್ಯಕ್ಕಾಗಿ ಕ್ಷಮೆ ಕೋರಿತು. ಅದೇ ವರ್ಷ ಇನುಯಿಟರಿಗೆ ನುನಾತ್ಸಿಯಾವುಟ್ ಎಂಬ ಸ್ವಂತ ಆಡಳಿತವು ದೊರೆಯಿತು. ಉತ್ತರದ ಪರ್ವತಪ್ರದೇಶದ ಸುಮಾರು ೯,೭೦೦ ಚದರ ಕಿಲೋಮೀಟರು ನೆಲವು ರಾಷ್ಟ್ರೀಯ ಉದ್ಯಾನವಾಗಿ ರಕ್ಷಿಸಲ್ಪಟ್ಟಿತು. ೨೦೦೯ರಲ್ಲಿ ಹೆಬ್ರಾನಿನಲ್ಲಿ ಸ್ಮಾರಕವನ್ನು ನಿಲ್ಲಿಸಿದರು. ಅದರಲ್ಲಿ ಸರ್ಕಾರದ ಕ್ಷಮಾಯಾಚನೆಯೊಡನೆ ಜನರ ಅಂಗೀಕಾರವೂ ಕೆತ್ತಲ್ಪಟ್ಟಿದೆ. ಅರ್ಧ ಶತಮಾನದ ಹಿಂದೆ ಉತ್ತರ ಕೊಡಲಾರದೆ ಹೋದವರ ಮಾತು ಕೊನೆಗೂ ಕಲ್ಲಿನ ಮೇಲೆ ನಿಂತಿತು.

ಇಂದು ಆ ಪರ್ವತಗಳಿಗೆ ಬರುವ ಯಾತ್ರಿಕನನ್ನು ಬಿಳಿಯ ಕರಡಿಯಿಂದ ಕಾಯಲು ಬಂದೂಕು ಹಿಡಿದು ಮುಂದೆ ನಡೆಯುವವನು ಇನುಯಿಟ್ ಕಾವಲುಗಾರ. ಯಾತ್ರಿಕನಿಗೆ ಅದು ಬರಿಯ ಸುಂದರ ನಿರ್ಜನಪ್ರದೇಶ. ಕಾವಲುಗಾರನಿಗೆ ಹಿರಿಯರ ಮನೆಯಂಗಳ. ಈ ಎರಡನೆಯ ದೃಷ್ಟಿ ದೊರೆಯದವನು ಅಷ್ಟು ದೂರ ಹೋದರೂ ಆ ನಾಡನ್ನು ಕಂಡವನಾಗನು.