ಒಲೆಯ ಬೂದಿ

ಕಡಗಂಚಿಯ ಕಡೆ ತೊಗರಿಕಟ್ಟಿಗೆ, ಕುಳ್ಳು ಉರಿದ ಬೂದಿ ಬಲು ಹಗುರ. ಒಮ್ಮೆ ಅವಸರಕ್ಕೆ ಕೆಂಡದ ಮೇಲೆಯೇ ನೀರು ಸುರಿದೆ. ಆವಿಯೊಡನೆ ಬೂದಿ ಭುಗ್ಗೆಂದು ಎದ್ದು ಕಣ್ಣು ತುಂಬಿತು. “ಆರ್ಲಿ ತಡಿಯವ್ವಾ, ಆಮ್ಯಾಲ ನೀರ ಚಿಮುಕ್ಸು” ಎಂದಳು ಅವ್ವ. ತಣ್ಣಗಾದ ಬೂದಿಗೆ ನೀರು ಚಿಮುಕಿಸಿ, ಬುಟ್ಟಿಯನ್ನು ಒಲೆಯ ಬಾಯಿಗೇ ಹಚ್ಚಿ ಮೆಲ್ಲಗೆ ಎಳೆದುಕೊಳ್ಳುವಳು. ಕಾಳಿಗೆ ಬೆರೆಸುವ ಬೂದಿಗೆ ಮಾತ್ರ ನೀರು ಸೋಕಿಸುವಂತಿರಲಿಲ್ಲ. ಆಗ ಮೂಗಿಗೆ ಸೆರಗೇ ಕಾವಲು.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ ಮುಂದೆ ಹೊಗೆ ಕೊಳವೆಯ ಒಲೆ ರೂಪಿಸಿತು. 2016ರಲ್ಲಿ ಉಜ್ವಲಾ ಗ್ಯಾಸ್ ಬಂತು. ಹೊಗೆಯ ಲೆಕ್ಕವನ್ನೇನೋ ಇಟ್ಟರು. ಬೂದಿ ಬಳಿದವರ ಕೆಮ್ಮನ್ನು ಯಾರು ಬರೆದರು? ಅವ್ವನ ಕೆಮ್ಮು ಕೊನೆಯತನಕ ಹೋಗಲಿಲ್ಲ.

ನಮ್ಮ ಬಚ್ಚಲ ಒಲೆಗೆ ಈಗಲೂ ಕಟ್ಟಿಗೆಯೇ. ಬೂದಿ ತೆಗೆಯುವ ಮುನ್ನ ತಂಬಿಗೆ ನೀರು ಪಕ್ಕದಲ್ಲಿಟ್ಟುಕೊಳ್ಳುತ್ತೇನೆ.