ಫೇರಿಯವರ ಹುಲ್ಲಿನ ಬಯಲು

ಮಗಳ ಬಾಣಂತನಕ್ಕೆಂದು ಲಂಡನ್ನಿಗೆ ಹೋಗಿದ್ದೆ. ಅವಳ ಮನೆ ಹೌನ್‌ಸ್ಲೋದಲ್ಲಿ. ಹೀತ್ರೋಗೆ ಇಳಿಯುವ ವಿಮಾನಗಳ ದಾರಿ ಸರಿಯಾಗಿ ಅಡಿಗೆಮನೆಯ ನೆತ್ತಿಯ ಮೇಲೆ. ಸಾರಿಗೆ ಒಗ್ಗರಣೆ ಕೊಟ್ಟು ಮುಚ್ಚುವಷ್ಟರಲ್ಲಿ ಎರಡು ವಿಮಾನ ಹಾದುಹೋಗಿರುತ್ತಿದ್ದವು. ಮಗು ಮಲಗಿದ ಹೊತ್ತಿನಲ್ಲಿ ಹತ್ತಿರದ ಲೈಬ್ರರಿಗೆ ಹೋಗಿ ಕೂರುತ್ತಿದ್ದೆ. ಇತಿಹಾಸದ ಟೀಚರಲ್ಲವೇ, ಹೋದಲ್ಲೆಲ್ಲ ಊರಿನ ಜಾತಕ ಕೇಳುವ ಚಟ.

ಹೀತ್ರೋ ಎಂಬುದು ಮೊದಲು ಒಂದು ಹಳ್ಳಿಯ ಹೆಸರಂತೆ. ಕುರುಚಲು ಬಯಲಿನ ಅಂಚಿಗೆ ಮನೆಗಳ ಸಾಲು, ಅಷ್ಟೇ. ಒಳ್ಳೆಯ ಮಣ್ಣು, ಹಣ್ಣಿನ ತೋಟ, ತರಕಾರಿ, ಎಲ್ಲವೂ ಲಂಡನ್ ಮಾರುಕಟ್ಟೆಗೆ. 1929ರಲ್ಲಿ ವಿಮಾನ ತಯಾರಕ ರಿಚರ್ಡ್ ಫೇರಿಯವರ ಕಂಪನಿ ಆ ಹಳ್ಳಿಯ ಪಕ್ಕ ಸುಮಾರು 150 ಎಕರೆ ಕೊಂಡಿತು. ಹೇಸ್‌ನ ಕಾರ್ಖಾನೆಯಲ್ಲಿ ಮಾಡಿದ ವಿಮಾನಗಳನ್ನು ಹಾರಿಸಿ ನೋಡಲು ಅವರಿಗೆ ಸ್ವಂತ ಜಾಗ ಬೇಕಿತ್ತು. 1930ರಲ್ಲಿ ಅದು ಶುರುವಾಯಿತು: ಗ್ರೇಟ್ ವೆಸ್ಟ್ ಏರೋಡ್ರೋಮ್. ಹೆಸರು ದೊಡ್ಡದು, ಇದ್ದದ್ದು ಹುಲ್ಲು. ಆ ಕಾಲದ ಹಗುರ ವಿಮಾನಗಳಿಗೆ ಸಿಮೆಂಟಿನ ದಾರಿ ಬೇಕಿರಲಿಲ್ಲ. ಬಯಲು ನಾಲ್ಕೂ ಕಡೆಗೆ ಸಮತಟ್ಟಾಗಿದ್ದರೆ ಸಾಕು, ಗಾಳಿ ಎತ್ತ ಬೀಸಿದರೂ ಅದಕ್ಕೆದುರಾಗಿ ಇಳಿಯಬಹುದು. ಸ್ವೋರ್ಡ್‌ಫಿಶ್, ಬ್ಯಾಟಲ್ ಎಂಬ ಯುದ್ಧವಿಮಾನಗಳ ಮಾದರಿಗಳು ಮೊದಲು ರೆಕ್ಕೆ ಬಿಚ್ಚಿದ್ದು ಆ ಹುಲ್ಲಿನ ಮೇಲೆಯೇ. 1935ರಿಂದ 39ರವರೆಗೆ ರಾಯಲ್ ಏರೋನಾಟಿಕಲ್ ಸೊಸೈಟಿಯ ಗಾರ್ಡನ್ ಪಾರ್ಟಿಗಳೂ ನಡೆದವು.

1944ರಲ್ಲಿ ಸರ್ಕಾರ ಆ ಜಾಗವನ್ನೂ ಸುತ್ತಲಿನ ತೋಟಗಳನ್ನೂ ವಶಪಡಿಸಿಕೊಂಡಿತು. ಫೇರಿಯವರು ಆಗ ಊರಲ್ಲೂ ಇಲ್ಲ. ಅದೇ ಸರ್ಕಾರದ ಕೆಲಸದ ಮೇಲೆ ವಾಷಿಂಗ್ಟನ್ನಿನಲ್ಲಿದ್ದರು! ಯುದ್ಧವಿಮಾನಗಳಿಗೆ ದೊಡ್ಡ ನಿಲ್ದಾಣ ಬೇಕು ಎಂಬುದು ಕೊಟ್ಟ ಕಾರಣ. ಯುದ್ಧಕಾಲದ ಕಾನೂನು, ವಿಚಾರಣೆಯ ಗೊಡವೆಯಿಲ್ಲ. ಹಳ್ಳಿ ನೆಲಸಮವಾಯಿತು. ಯುದ್ಧ ಮುಗಿದು 1946 ಬಂದಾಗ ಅಲ್ಲಿಂದ ಹೊರಟದ್ದು ಸಾಮಾನ್ಯ ಪ್ರಯಾಣಿಕರ ವಿಮಾನಗಳು. ಆಗಿನ್ನೂ ಡೇರೆಗಳೇ ಟರ್ಮಿನಲ್ಲು. 1948ರ ಜೂನ್‌ನಲ್ಲಿ ನಮ್ಮ ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ಬೊಂಬಾಯಿಯಿಂದ ಬಂದು ಇಳಿದದ್ದೂ ಅಲ್ಲಿಯೇ.

1973ರಲ್ಲಿ, ಯುದ್ಧಕಾಲದಲ್ಲಿ ವಾಯುಯಾನ ಖಾತೆಯ ಉಪಮಂತ್ರಿಯಾಗಿದ್ದ ಹೆರಾಲ್ಡ್ ಬಾಲ್ಫರ್ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡರು: ಯುದ್ಧದ ಕಾರಣ ಬರಿಯ ನೆಪ, ಮೊದಲಿನಿಂದಲೂ ಕಣ್ಣಿದ್ದದ್ದು ನಾಗರಿಕ ನಿಲ್ದಾಣದ ಮೇಲೆ, ಸಂಪುಟದ ಸಮಿತಿಗೂ ನಿಜ ಹೇಳಿರಲಿಲ್ಲ. ಅದನ್ನೋದಿ ಪುಸ್ತಕ ಮುಚ್ಚಿ ಸುಮ್ಮನೆ ಕೂತೆ.

ನಮ್ಮ ತವರಿನ ಮನೆ, ಹೊಲ ಅಣೆಕಟ್ಟೆಯ ಹಿನ್ನೀರಿಗೆ ಹೋದವು. ಅಮ್ಮ ಒರಳುಕಲ್ಲನ್ನು ಹಟ ಮಾಡಿ ಗಾಡಿಗೆ ಹೇರಿಸಿದ್ದು ಕಣ್ಣಿಗೆ ಕಟ್ಟಿದಂತಿದೆ. ಆದರೆ ನಮಗೆ ಹೇಳಿದ್ದು ನೀರು ಎಂದು, ಬಂದದ್ದೂ ನೀರೇ. ಅಪ್ಪ ದಂಡೆಯಲ್ಲಿ ನಿಂತು ನೋಡಿ, ಇಷ್ಟು ಊರಿಗೆ ಕುಡಿಯಲಾಯಿತಲ್ಲ ಎಂದಿದ್ದರು. ಹೀತ್ರೋದ ರೈತರಿಗೆ, ಯುದ್ಧ ಗೆಲ್ಲಲಿ ಎಂದು ಬಿಟ್ಟುಕೊಟ್ಟೆವು ಎಂದುಕೊಳ್ಳುವ ಸಮಾಧಾನವಾದರೂ ಇತ್ತು. ಇಪ್ಪತ್ತೊಂಬತ್ತು ವರ್ಷಗಳ ನಂತರ ಅದನ್ನೂ ಕಿತ್ತುಕೊಂಡಂತಾಯಿತು. ಇನ್ನು ಪರಿಹಾರ. ಫೇರಿಯವರ ಕಂಪನಿಗೆ 16 ಲಕ್ಷ ಪೌಂಡ್ ಸಿಕ್ಕಿದ್ದು 1964ರಲ್ಲಿ. ಫೇರಿಯವರು ತೀರಿಕೊಂಡು ಎಂಟು ವರ್ಷವಾಗಿತ್ತು. ಅಪ್ಪ ಹೋದ ನಾಲ್ಕನೇ ವರ್ಷಕ್ಕೆ ನಮ್ಮದು ಬಂತು. ನಮ್ಮ ಕಚೇರಿಯವರೇ ಚುರುಕು ಎನ್ನಬೇಕೇನೋ.

ಮನೆಗೆ ಬಂದು ಅಳಿಯನಿಗೆ ಇದನ್ನೆಲ್ಲ ಹೇಳಿದೆ. ಅವನಿಗೆ ಕೆಲಸ ಆ ನಿಲ್ದಾಣದಲ್ಲೇ. "ಅಮ್ಮಾ, ಅದಾಗದಿದ್ದರೆ ನಾವು ಇಲ್ಲಿರುತ್ತಿದ್ದೆವೇ?" ಎಂದ. ನನಗೆ ಉತ್ತರ ಹೊಳೆಯಲಿಲ್ಲ. ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಹಿಂತಿರುಗುವ ದಿನ ಕಿಟಕಿ ಪಕ್ಕದ ಸೀಟು ಕೇಳಿ ಪಡೆದೆ. ವಿಮಾನ ಓಡತೊಡಗಿದಾಗ ಕಂಡಿತು, ರನ್‌ವೇಯ ಅಂಚಿಗೆ ಒಂದಿಷ್ಟು ಹುಲ್ಲು, ಒಪ್ಪವಾಗಿ ಕತ್ತರಿಸಿದ್ದು.