ಸುರುಳಿ ನೀಹಾರಿಕೆಗಳೂ ಅವುಗಳ ನೆರೆಹೊರೆಯೂ

ವೈಶಾಖಮಾಸದ ರಾತ್ರಿ ಒಂಬತ್ತು ಗಂಟೆಯ ಹೊತ್ತಿಗೆ ಕೊಳ್ಳೇಗಾಲದಲ್ಲಾಗಲಿ ಹನೂರಿನಲ್ಲಾಗಲಿ ತಲೆಯೆತ್ತಿ ನೋಡುವವರಿಗೆ, ಉತ್ತರಾ ನಕ್ಷತ್ರದ ಪೂರ್ವಕ್ಕೆ, ನೆತ್ತಿಯ ಬಳಿ ಬರಿಯ ಕತ್ತಲೆ ಕಾಣುವುದು. ಆ ಕತ್ತಲೆಯಲ್ಲಿ, ಸುಮಾರು 5.5 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ, ಸಾವಿರಕ್ಕೂ ಮಿಕ್ಕ ನಕ್ಷತ್ರಲೋಕಗಳು ಗುಂಪುಗೂಡಿರುವುವು. ಇದೇ ಕನ್ಯಾರಾಶಿಯ ಸಮೂಹ. ಈ ಸೀಮೆಯ ಅಕ್ಷಾಂಶವು ಸುಮಾರು 12 ಆಗಿರುವುದರಿಂದ ಅದು ಇಲ್ಲಿಯವರ ತಲೆಯ ಮೇಲೆಯೇ ಹಾದುಹೋಗುವುದು.

ನೀಹಾರಿಕೆಯೊಂದು ಸುರುಳಿಯಾಕಾರದ್ದೆಂದು 1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ ಮೊದಲು ಕಂಡನು. ಅವನ ದೂರದರ್ಶಕದ ಕನ್ನಡಿ ಆರು ಅಡಿಯದು. ಇಂತಹವು ನಮ್ಮ ಆಕಾಶಗಂಗೆಯ ಹೊರಗಿನ ಬೇರೆ ನಕ್ಷತ್ರಲೋಕಗಳೆಂದು, ಅಂದರೆ ಇಂದಿನವರು ಹೇಳುವ ಗೆಲಾಕ್ಸಿಗಳೆಂದು, 1925ರ ವೇಳೆಗೆ ಹಬಲ್ ಪಂಡಿತನು ಸ್ಥಾಪಿಸಿದನು. ದಟ್ಟ ಸಮೂಹಗಳಲ್ಲಿ ಸುರುಳಿಗಳು ವಿರಳ, ಅಂಡಾಕಾರದವೇ ಹೆಚ್ಚು ಎಂಬುದನ್ನೂ 1936ರ ತನ್ನ ಗ್ರಂಥದಲ್ಲಿ ಗುರುತಿಸಿದನು. 1980ರಲ್ಲಿ ಡ್ರೆಸ್ಲರ್ ಎಂಬುವನು 55 ಸಮೂಹಗಳ ಸುಮಾರು 6,000 ಗೆಲಾಕ್ಸಿಗಳನ್ನು ಪರಿಶೀಲಿಸಿ, ನೆರೆ ದಟ್ಟವಾದಷ್ಟೂ ಸುರುಳಿಗಳು ಕ್ರಮವಾಗಿ ಕಡಿಮೆಯಾಗುವುವೆಂದು ಲೆಕ್ಕಸಮೇತ ತೋರಿಸಿದನು. ವಿರಳ ಪ್ರದೇಶದಲ್ಲಿ ನೂರಕ್ಕೆ ಸುಮಾರು ಎಂಬತ್ತು. ಸಮೂಹದ ಗರ್ಭದಲ್ಲಿ ಹತ್ತರಷ್ಟು.

ಇದು ಹುಟ್ಟುಗುಣವೋ, ಸಹವಾಸಗುಣವೋ? ವಿವಾದದ ತಿರುಳು ಇಷ್ಟೇ. ಯಳಂದೂರಿನ ಹೊಲದ ಬದುವಿನಲ್ಲಿ ಒಂಟಿಯಾಗಿ ಬೆಳೆದ ಮರವು ಕೊಂಬೆಗಳನ್ನು ಸುತ್ತಲೂ ಚಾಚುವುದು. ಬಿಳಿಗಿರಿರಂಗನ ಬೆಟ್ಟದ ದಟ್ಟಡವಿಯಲ್ಲಿ ಅದೇ ಜಾತಿಯ ಮರವು ನೆಟ್ಟಗೆ ಮೇಲಕ್ಕೇಳುವುದು. ಉಪಮಾನವು ಪೂರ್ಣವಾಗಿ ಒಪ್ಪದು, ಏಕೆಂದರೆ ಗೆಲಾಕ್ಸಿಯ ಸುರುಳಿತೋಳುಗಳು ಕೊಂಬೆಗಳಲ್ಲ. ಅನಿಲದಿಂದ ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಪಟ್ಟಿಗಳು. ಅನಿಲ ತೀರಿದರೆ ತೋಳುಗಳೂ ಮಸಕಾಗುವುವು.

ಸಮೂಹದೊಳಗೆ ಅತ್ಯುಷ್ಣವಾದ ವಿರಳ ಅನಿಲವು ತುಂಬಿರುವುದು. ಅದರೊಳಕ್ಕೆ ವೇಗದಿಂದ ನುಗ್ಗುವ ಗೆಲಾಕ್ಸಿಗೆ ಅದೇ ಎದುರುಗಾಳಿಯಾಗಿ, ಒಳಗಿನ ಅನಿಲವನ್ನು ಹಿಂದಕ್ಕೆ ದೂಡಿಬಿಡುವುದೆಂದು 1972ರಲ್ಲಿ ಗನ್ ಮತ್ತು ಗಾಟ್ ಎಂಬುವರು ವಾದಿಸಿದರು. ಆದರೆ ಗಾಳಿಯೊಂದೇ ಚಕ್ರವನ್ನು ಅಂಡವಾಗಿಸಲಾರದು. ಅದಕ್ಕೆ ಗೆಲಾಕ್ಸಿಗಳು ಪರಸ್ಪರ ಡಿಕ್ಕಿಹೊಡೆದು ಬೆರೆಯಬೇಕು. ಎಲ್ಲವನ್ನೂ ಗಾಳಿಯ ತಲೆಗೆ ಕಟ್ಟುವವರು ಇದನ್ನು ಮರೆಯುವರು.

ಈ ಎದುರುಗಾಳಿಯ ಪರೀಕ್ಷೆಯಲ್ಲಿ ಕನ್ನಡನಾಡಿನ ಪಾಲೂ ಉಂಟು. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯಲ್ಲಿ ಜೋಡಿಸಿದರು. ಅದರ ಮೂಲಕ ಏಬೆಲ್ 85 ಎಂಬ ಸಮೂಹದೊಳಕ್ಕೆ ಬೀಳುತ್ತಿರುವ ಸುರುಳಿಯೊಂದನ್ನು ನೋಡಿದಾಗ, ಅದರಿಂದ ಕಿತ್ತುಹೋದ ಅನಿಲವು ಲೋಳೆಮೀನಿನ ಬಾಲದಂತೆ ಹಿಂದೆ ತೂಗುತ್ತಿದ್ದು, ಆ ಬಾಲದಲ್ಲಿಯೇ ಎಳೆಯ ನಕ್ಷತ್ರಗಳ ಗೊಂಚಲುಗಳು ಬೆಳಗುತ್ತಿದ್ದವು. ಈ ವರದಿ 2018ರಲ್ಲಿ ಪ್ರಕಟವಾಯಿತು.